ಭಕ್ತಿ ಕಡಿಮಿ ಆಗೇತಿ ಅಂತ ಯಾರಿಗೂ ಅನ್ನಬ್ಯಾಡ್ರಿ

ಅವ್ವಾರ, ಅಕ್ಕಾರ, ಈ ಸಲ ಅಡಗಿ ಮಾತಿಲ್ಲ, ಹಪ್ಪಳ-ಸಂಡಿಗಿ ಮಾತೂ ಇಲ್ಲ. ಜಗಳದ ಮಾತು ಐತಿ. ಓದಿ ಸಿಟ್ಟು ಬಂದ್ರ ಮನಿಗೇ ಬರ್ರಿ, ಚಾ ಕುಡಕೋತ ಜಗಳಾಡೂಣು.

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆ ಯಾವ ಊರಿಗೆ ಹೋದ್ರೂ ಹೆಣ್ಮಕ್ಕಳ ಭಜನಿ ಸಂಘ ಅದಾವ. ಶ್ರಾವಣ ಬಂತಂದ್ರ ತಿಂಗಳಪೂರ್ತಿ ಪ್ರವಚನ. ಇವು ಬ್ಯಾಡ ಅನ್ನಾಕಿ ನಾನಲ್ಲ. ನಾನೂ ಹೋಗ್ತೀನಿ, ತಾಳ ಬಾರಸ್ತೀನಿ. ನಾಕು ಗ್ವಾಡಿ ನೋಡ್ಕೋತ ಕುಂತ ಹೆಣ್ಮಗಳಿಗೆ ವಾರಕ್ಕೊಮ್ಮೆ ಹೊಸ್ತಿಲಾ ದಾಟಾಕ ಎಷ್ಟೋ ಮನಿಯೊಳಗ ಇದೊಂದ ದಾರಿ. ನನ್ನ ಜಗಳ ಇರೂದು ಒಂದೇ ಮಾತಿನ ಮ್ಯಾಲೆ. ಯಾರರ ಒಬ್ಬಾಕಿ "ನಿದ್ದಿ ಬರವಲ್ದು, ಉಣ್ಣಾಕ ಮನಸ್ಸಾಗವಲ್ದು, ಸುಮ್ಸುಮ್ಕ ಅಳು ಬರ್ತೈತಿ" ಅಂತ ಬಾಯಿ ಬಿಟ್ಲಂದ್ರ ಸಾಕು, "ನಿನ್ನ ಭಕ್ತಿ ಕಡಿಮಿ ಆಗೇತಿ, ಜಪ ಹೆಚ್ಚು ಮಾಡು" ಅಂತಾರಲ್ಲ, ಆ ಮಾತು.

ಅಕಿ ಮೊದಲ ಸೋತು ಬಂದಾಳ. ಅದರ ಮ್ಯಾಲೆ ದೇವರ ಮುಂದೂ ಅಕಿದೇ ತಪ್ಪು ಅಂತ ಹೊರಿಸಿ ಕಳಸ್ತಾರ. ಮುಂದಿನ ವಾರ ಅಕಿ ಬಾಯಿ ಬಿಡೂದಿಲ್ಲ. ಆಗ "ನೋಡ್ರಿ, ಜಪದಿಂದ ಎಷ್ಟು ಆರಾಮ ಆದ್ಲು" ಅಂತಾರ. ಆರಾಮ ಆಗಿಲ್ರಿ, ಅಕಿ ಸುಮ್ಮನಾಗ್ಯಾಳ ಅಷ್ಟ. ಕುದಿಯೂ ಗಡಿಗಿ ಮ್ಯಾಲೆ ಮುಚ್ಚಳಾ ಒತ್ತಿ ಹಿಡದ್ರ ಕುದಿ ನಿಲ್ಲತೈತೇನು?

ಶುಗರ್ ಬಂದಾಕಿಗೆ ಯಾರರ ಭಕ್ತಿ ಕಡಿಮಿ ಅಂತಾರೇನ್ರಿ? ಬಿಪಿ ಗುಳಗಿ ನುಂಗಿ ಬಂದ ಪ್ರವಚನಕ್ಕ ಕುಂಡ್ರತಾರ. ಮನಸಿನ ಬ್ಯಾನಿ ಅಂದಕೂಡ್ಲೆ ಮಾತ್ರ ಭಕ್ತಿಯ ತಕ್ಕಡಿ ಯಾಕ ಹೊರಗ ಬರ್ತೈತಿ?

ನನ್ನ ಬಳಗದ ಒಬ್ಬ ಹುಡುಗಿ ಬಾಣಂತನದಾಗ ಮಂಕಾಗಿ ಕುಂತಿದ್ಲು, ಕೂಸಿನ ಕಡೆ ತಿರುಗಿ ನೋಡವಲ್ಲಳಾಗಿದ್ಲು. ಡಾಕ್ಟರು ಗುಳಗಿ ಕೊಟ್ರು, ಆರಾಮ ಆಗಾಕ ಹತ್ತಿತ್ತು. ಅಷ್ಟರಾಗ ಸತ್ಸಂಗದಾಗ ಯಾರೋ "ಗುಳಗಿ ಬಿಡು, ನಾಮ ಹಿಡಿ" ಅಂದ್ರು, ಬಿಟ್ಲು. ತಿಂಗಳೊಳಗ ಮತ್ತ ಮೊದಲಿನಂಗ. ಅಣ್ಣ ಬಂದು ದವಾಖಾನಿಗೆ ಕರಕೊಂಡು ಹೋದ ಮ್ಯಾಲೆ ಉಳದ್ಲು. ಹಂಗ ಅಂದವರು ಆಮ್ಯಾಲೆ ಒಮ್ಮೆನೂ ಅಕಿನ್ನ ನೋಡಾಕ ಬರಲಿಲ್ಲ.

ಧರ್ಮ ಅಂದ್ರ ಇದಲ್ಲ ಅನ್ನೂದಕ್ಕ ನಮ್ಮ ಹಾನಗಲ್ಲ ಮಣ್ಣೇ ಸಾಕ್ಷಿ. ನಮ್ಮ ತಾಲೂಕಿನ ಕಾಡಶೆಟ್ಟಿಹಳ್ಳಿಯಾಗ ಹುಟ್ಟುಕುರುಡ ಹುಡುಗನೊಬ್ಬ ಇದ್ದ. ಹಾನಗಲ್ಲ ಕುಮಾರ ಸ್ವಾಮಿಗಳು "ಹೋದ ಜನ್ಮದ ಕರ್ಮ, ಅನುಭವಿಸು" ಅಂತ ಆಶೀರ್ವಾದ ಮಾಡಿ ಕಳಸಲಿಲ್ಲ. ಸಂಗೀತ ಕಲಸಾಕ ವ್ಯವಸ್ಥಾ ಮಾಡಿದ್ರು. ಆ ಹುಡುಗನ ಮುಂದ ಪಂಚಾಕ್ಷರಿ ಗವಾಯಿಗಳಾದ್ರು, ಗದಗಿನ ಪುಣ್ಯಾಶ್ರಮದಾಗ ಎಷ್ಟೋ ಕುರುಡ ಮಕ್ಕಳಿಗೆ ಅನ್ನ, ವಿದ್ಯಾ ಎರಡೂ ಕೊಟ್ರು. ಭಕ್ತಿ ಅಂದ್ರ ಕೈ ಹಿಡಿಯೂದು, ಕಾರಣ ಹುಡುಕೂದಲ್ಲ.

ಹಂಗಂತ "ದೇವರು-ಗೀವರು ಎಲ್ಲಾ ಸುಳ್ಳು, ಬರೇ ಗುಳಗಿ ನುಂಗ್ರಿ" ಅನ್ನೂ ಕಲತ ಮಂದಿ ಜೋಡಿನೂ ನನ್ನ ಜಗಳ ಐತಿ. 1935ರಾಗ ಅಮೆರಿಕಾದಾಗ ಇಬ್ಬರು ಕುಡುಕರು, ಅವರೊಳಗ ಒಬ್ಬರು ಸ್ವತಃ ಡಾಕ್ಟರು, ಕೂಡಿ ಆಲ್ಕೊಹಾಲಿಕ್ಸ್ ಅನಾನಿಮಸ್ ಅಂತ ಸಂಘ ಚಾಲೂ ಮಾಡಿದ್ರು. ಅಲ್ಲಿ ದೇವರ ಹೆಸರು ತಗೋತಾರ, ಆದ್ರ ಅವರವರು ತಿಳಕೊಂಡಂಥ ದೇವರು. ಒಬ್ಬ ತನ್ನ ಕತಿ ಹೇಳ್ತಾನ, ಉಳಿದವರು ಕೇಳ್ತಾರ. ಕೇಳಿದ್ದು ಹೊರಗ ಹೋಗಬಾರ್ದು. 1951ರಾಗ ಕುಡುಕರ ಹೆಂಡಂದಿರ, ಮನಿ ಮಂದಿ ಸಲುವಾಗಿ ಆಲ್-ಅನಾನ್ ಅಂತ ಬ್ಯಾರೇ ಸಂಘ ಆತು. ಕುಡಿಯಾಂವ ಒಬ್ಬ, ಬ್ಯಾನಿ ಮನಿಗೆಲ್ಲಾ ಅಂತ ಅವರಿಗೆ ಆವಾಗ ತಿಳದಿತ್ತು.

ನಮ್ಮ ರಾಜ್ಯದಾಗ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರದ ಹೆಸರು ನೀವು ಕೇಳೀರಿ. ಎಂಟು ದಿನ ಅಲ್ಲೇ ವಸ್ತಿ, ಭಜನಿ, ಯೋಗ, ಬುದ್ಧಿಮಾತು, ಹೆಂಡತಿ-ಮಕ್ಕಳನ್ನೂ ಕರೆಸಿ ಮಾತು. ಶಿಬಿರ ಮುಗಿದ ಮ್ಯಾಲೆ ಬಿಟ್ಟವರೆಲ್ಲಾ ನವಜೀವನ ಸಮಿತಿ ಅಂತ ಕೂಡತಾರ. ಒಬ್ಬನ ಬಿಡೂದಕ್ಕಿಂತ ಹತ್ತು ಮಂದಿ ಕೂಡಿ ಬಿಟ್ರ ಗಟ್ಟಿ. ಆದ್ರ ಒಂದು ನೆಪ್ಪಿಟ್ಕೊಳ್ರಿ: ಬಾಳ ವರ್ಷ ಕುಡದಾಂವ ಒಮ್ಮೆಲೆ ಬಿಟ್ರ ಕೈ ನಡಗತಾವ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮನಿಯಾಗ ದೇವರ ಫೋಟೋ ಮುಟ್ಟಿಸಿ ಆಣಿ ಮಾಡಸೂದಕ್ಕಿಂತ ಮೊದಲು ಡಾಕ್ಟರಿಗೆ ತೋರಸ್ರಿ.

ಗುಡಿಯ ಮಾತಿಗೆ ಬರೂಣು. ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಾಗ ಉಳದಿದ್ದ 31 ಮನೋರೋಗಿಗಳನ್ನ ನೋಡಿ 2002ರಾಗ ಒಂದು ವರದಿ ಬರದ್ರು. ರೋಗದ ಲಕ್ಷಣ ಸುಮಾರು ಐದರಾಗ ಒಂದು ಪಾಲು ಕಡಿಮಿ ಆಗಿತ್ತು. ಮಾಟ-ಮಂತ್ರ ಏನೂ ಇರಲಿಲ್ಲ. ಮುಂಜಾನೆ ಸಣ್ಣ ಪೂಜಾ, ಆಮ್ಯಾಲೆ ಕಸಾ ಹೊಡಿಯೂದು, ಗಿಡಕ್ಕ ನೀರು ಹಾಕೂದು. ಜೋಡಿಗೆ ಮನಿಯವರೂ ಇರತಿದ್ರು. ಗುಡಿಯಿಂದ ಏನೂ ಆಗೂದಿಲ್ಲ ಅನ್ನವರು ಆ ಒಂದು ಪಾಲು ನೋಡ್ರಿ. ಗುಡಿ ಒಂದ ಸಾಕು ಅನ್ನವರು ಉಳಿದ ನಾಕು ಪಾಲು ನೋಡ್ರಿ.

ಅದ ತಮಿಳುನಾಡಿನ ಎರವಾಡಿಯಾಗ, 2001ರ ಆಗಸ್ಟ್ 6ಕ್ಕ, ದರ್ಗಾದ ಹತ್ತಿರ ಖಾಸಗಿಯವರು ನಡಸ್ತಿದ್ದ ಆಶ್ರಯದಾಗ ಬೆಂಕಿ ಬಿದ್ದು 28 ರೋಗಿಗಳು ಸತ್ರು. ಅವರಿಗೆ ಸರಪಳಿ ಹಾಕಿದ್ರು, ಓಡಾಕ ಆಗಲಿಲ್ಲ. ಗುಣ ಆಗ್ತೈತಿ ಅಂತ ನಂಬಿ ಮನಿಯವರು ಬಿಟ್ಟು ಹೋಗಿದ್ರು. ದರ್ಗಾ, ಗುಡಿ ಅಂತ ಇದರಾಗ ಭೇದ ಮಾಡಬ್ಯಾಡ್ರಿ. ಭೇದ ಇರೂದು ಜೋಡಿ ಕುಂಡ್ರೂದಕ್ಕೂ, ಕಟ್ಟಿ ಹಾಕೂದಕ್ಕೂ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕೂದನ್ನ ನಿಷೇಧ ಮಾಡೇತಿ. ಕಬ್ಬಿಣದ ಸರಪಳಿ ಕಾಯ್ದೆಗೆ ಕಾಣತೈತಿ. "ಭಕ್ತಿ ಕಡಿಮಿ" ಅನ್ನೂ ಸರಪಳಿ ನಮಗ ನಾವ ಬಿಚ್ಚಬೇಕು.

ಹಂಗಾರ ಭಜನಿ ಸಂಘದಾಗ ಏನು ಮಾಡೂಣು? ಮಂಗಳಾರತಿ ಆದ ಮ್ಯಾಲೆ ಅರ್ಧಾ ತಾಸು ಬರೇ ಮಾತಿಗೆ ಇಡೂಣು. ಪ್ರವಚನದಾಗ ಒಬ್ಬರು ಹೇಳ್ತಾರ, ನೂರು ಮಂದಿ ಕೇಳ್ತಾರ. ಇಲ್ಲಿ ಬ್ಯಾನಿ ಇದ್ದಾಕಿ ಹೇಳಬೇಕು, ಉಳಿದವರು ಕೇಳಬೇಕು. ಕೇಳದ ಹೊರತು ಬುದ್ಧಿ ಹೇಳೂದು ಬ್ಯಾಡ. ಅಲ್ಲಿ ಆಡಿದ ಮಾತು ಅತ್ತಿ ಕಿವಿಗಾಗಲಿ, ನೆಗೆಣ್ಣಿ ಕಿವಿಗಾಗಲಿ ಮುಟ್ಟಬಾರ್ದು. ಇದು ಎಲ್ಲಕ್ಕಿಂತ ಕಷ್ಟದ್ದು, ನನಗ ಗೊತ್ತೈತಿ. ಡಾಕ್ಟರು ಕೊಟ್ಟ ಗುಳಗಿ ಬಿಡು ಅನ್ನೂ ಅಧಿಕಾರ ಯಾರಿಗೂ ಇಲ್ಲ, ತಾಳ ಬಾರಸವರಿಗೂ ಇಲ್ಲ, ಪೀಠದ ಮ್ಯಾಲೆ ಕುಂತವರಿಗೂ ಇಲ್ಲ. ಇನ್ನ ದೇವರು ಅವರವರದು. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರು ಸಾಬರ ಮನಿಯಾಗ ಹುಟ್ಟಿ ಕಳಸದ ಗೋವಿಂದ ಭಟ್ಟರನ್ನ ಗುರು ಮಾಡ್ಕೊಂಡವರು. ಅಂಥಾ ನೆಲದಾಗ ಸವಣೂರಿನ ಫಾತಿಮಾ ಇರಲಿ, ಹಿರೇಕೆರೂರಿನ ಬಸವ್ವ ಇರಲಿ, ದೇವರನ ನಂಬದಾಕಿ ಇರಲಿ, ಯಾರ ಬಂದ್ರೂ ಚಾಪಿ ಮ್ಯಾಲೆ ಜಾಗಾ ಇರಬೇಕು.

ಎರಡು ವಾರ ಆದ್ರೂ ನಿದ್ದಿ, ಊಟ, ಮನಸ್ಸು ನೆಟ್ಟಗಾಗಲಿಲ್ಲಂದ್ರ ದವಾಖಾನಿಗೆ ಕರಕೊಂಡು ಹೋಗ್ರಿ. ಮನೋಚೈತನ್ಯ ಯೋಜನೆಯೊಳಗ ಮಂಗಳವಾರ ತಾಲೂಕು ದವಾಖಾನಿಗೆ ಮನೋವೈದ್ಯರು ಬರೂ ವ್ಯವಸ್ಥಾ ಐತಿ, ನಿಮ್ಮೂರಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತಿನ್ನ ಕೇಳ್ರಿ. ಹೆಚ್ಚಿಂದು ಬೇಕಾದ್ರ ಧಾರವಾಡದ ಡಿಮ್ಹಾನ್ಸ್ ಐತಿ. "ಬದುಕೂದು ಸಾಕಾಗೇತಿ" ಅಂತ ಯಾರರ ಅಂದ್ರ ಅಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ, 14416ಕ್ಕ ಫೋನ್ ಹಚ್ಚರಿ. ಟೆಲಿ ಮಾನಸ್ ಅಂತಾರ, 2022ರಿಂದ ಐತಿ, ಪುಕ್ಕಟೆ, ಹಗಲೂ ರಾತ್ರಿ, ಕನ್ನಡದಾಗ ಮಾತಾಡ್ತಾರ. ನಂಬರು ಪಂಚಾಂಗದ ರಟ್ಟಿನ ಮ್ಯಾಲೆ ಬರದಿಡ್ರಿ, ಎಲ್ಲಾರ ಕಣ್ಣಿಗೂ ಬೀಳ್ತೈತಿ.

ಅಕಿ ಸಲುವಾಗಿ ದೀಪಾ ಹಚ್ಚಾವರು ಹಚ್ಚರಿ, ಬ್ಯಾಡ ಅನ್ನೂದಿಲ್ಲ. ಆದ್ರ ಮಂಗಳವಾರ ದವಾಖಾನಿ ಪಾಳ್ಯಾಗ ಅಕಿ ಜೋಡಿ ಯಾರು ನಿಲ್ಲತೀರಿ, ಅದನ್ನ ಮೊದಲು ಹೇಳ್ರಿ.