ಹಸುಗೂಸಿನ ಬಾಯಲ್ಲಿ ನೊರೆಯೇ? ಹಾಲು ನಿಲ್ಲಿಸಿ, ಆಸ್ಪತ್ರೆಗೆ ಓಡಿ

ಹೊಸೂರು: ಆಗಷ್ಟೇ ಹುಟ್ಟಿದ ಮಗುವಿನ ಬಾಯಲ್ಲಿ ನೊರೆ ನಿಲ್ಲುತ್ತಿಲ್ಲ. ಹಾಲು ಕೊಟ್ಟರೆ ಕೆಮ್ಮಿ ನೀಲಿಗಟ್ಟುತ್ತದೆ. ‘ಕಫ’ ಎಂದು ಜೇನು, ಸಕ್ಕರೆ ನೀರು ನೆಕ್ಕಿಸಿದರೆ ಅಪಾಯ ಇನ್ನೂ ಹೆಚ್ಚು.

ಸುಮಾರು 3ರಿಂದ 4 ಸಾವಿರ ಶಿಶುಗಳಲ್ಲಿ ಒಂದಕ್ಕೆ ಈ ದೋಷವಿರುತ್ತದೆ. ಸಾಮಾನ್ಯವಾಗಿ ಅನ್ನನಾಳದ ಮೇಲಿನ ತುಂಡು ಮುಚ್ಚಿಕೊಂಡು, ಕೆಳಗಿನ ತುಂಡು ಶ್ವಾಸನಾಳಕ್ಕೆ ಸೇರಿಕೊಂಡಿರುತ್ತದೆ. ಕುಡಿದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಹೊಟ್ಟೆಯ ಆಮ್ಲವೂ ಮೇಲೇರುತ್ತದೆ.

ಪತ್ತೆಗೆ ದೊಡ್ಡ ಯಂತ್ರ ಬೇಡ. ಬಾಯಿಯಿಂದ ಇಳಿಸಿದ ನಳಿಕೆ ಸುಮಾರು 10 ಸೆಂ.ಮೀ.ನಲ್ಲೇ ತಡೆಯುತ್ತದೆ. ಎಕ್ಸ್‌ರೇ ಅದನ್ನು ಖಚಿತಪಡಿಸುತ್ತದೆ. ನಾಳಗಳನ್ನು ಬೇರ್ಪಡಿಸಿ ಅನ್ನನಾಳ ಜೋಡಿಸುವ ಶಸ್ತ್ರಚಿಕಿತ್ಸೆ 1941ರಲ್ಲಿ ಅಮೆರಿಕದ ಡಾ. ಕ್ಯಾಮರೂನ್ ಹೈಟ್ ಅವರಿಂದ ಮೊದಲು ಯಶಸ್ವಿಯಾಯಿತು. ಇಂದು ಬೇರೆ ತೊಂದರೆ ಇಲ್ಲದ ಮಕ್ಕಳಲ್ಲಿ ಹೆಚ್ಚಿನವರು ಬದುಕುತ್ತಾರೆ, ಸಕಾಲಕ್ಕೆ ತಲುಪಿದರೆ.

ನಮ್ಮ ತೊಡಕು ಇಲ್ಲೇ. ಆನೆ ಓಡಾಡುವ ಸಾನಮಾವು ಕಾಡಿನ ದಾರಿ, ಆಮೇಲೆ ಗಡಿ. ಮಕ್ಕಳ ಶಸ್ತ್ರಚಿಕಿತ್ಸೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿದೆ, ಕೈಯಲ್ಲಿರುವ ವಿಮಾ ಕಾರ್ಡು ತಮಿಳುನಾಡಿನದು. ಹಾಗಾಗಿ ಹೆರಿಗೆಯಾದ ಕಡೆಯೇ ನಳಿಕೆ ಹಾಕಿ ನೋಡಬೇಕು, ಜೊಲ್ಲು ಹೀರಿ ತೆಗೆಯುತ್ತ, ತಲೆ ಎತ್ತರಿಸಿ ಕಳಿಸಬೇಕು. ಕಾರ್ಡಿನ ವಿಚಾರಣೆ ಫೋನಿನಲ್ಲಿ ನಡೆಯಲಿ. ಮಗು ಕಾಯುವಂತಾಗಬಾರದು.