ದೀಪ ಹವಳಕ್ಕೆ, ನಮ್ಮ ಕಣ್ಣಿಗಲ್ಲ

ಉಪ್ಪುನೀರಿನ ಪುಟ್ಟ ಅಕ್ವೇರಿಯಂನಲ್ಲಿ ಹವಳ ಬೆಳೆಸಲು ಹೊರಟವರು ದೀಪದಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್?’ ಎಂಬುದು. ವ್ಯಾಟ್ ಹೇಳುವುದು ದೀಪ ಎಷ್ಟು ವಿದ್ಯುತ್ ಉಣ್ಣುತ್ತದೆ ಎಂಬುದನ್ನೇ ಹೊರತು ಹವಳಕ್ಕೆ ಎಷ್ಟು ಉಣಿಸುತ್ತದೆ ಎಂಬುದನ್ನಲ್ಲ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ನೆಲೆಸಿರುವ ಜೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ, ಅದರ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ಕಡಲ ನೀರು ಕೆಂಪು ಬೆಳಕನ್ನು ಮೊದಲು ಹೀರಿಕೊಳ್ಳುತ್ತದೆ, ನೀಲಿ ಮಾತ್ರ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಈ ಪಾಚಿ 400ರಿಂದ 500 ನ್ಯಾನೋಮೀಟರಿನ ನೀಲಿ ಬೆಳಕನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಡಬ್ಬಿಯ ಮೇಲೆ ಅಚ್ಚಾಗಿರುವ ಲ್ಯೂಮೆನ್ ಲೆಕ್ಕವಾದರೋ 555 ನ್ಯಾನೋಮೀಟರಿನ ಹಸಿರಿಗೆ ಹೆಚ್ಚು ಸ್ಪಂದಿಸುವ ಮನುಷ್ಯನ ಕಣ್ಣಿಗಾಗಿ ಮಾಡಿದ್ದು. ನಮಗೆ ಮಂಕಾಗಿ ಕಾಣುವ ನೀಲಿ ದೀಪವೇ ಹವಳದ ಹೊಟ್ಟೆ ತುಂಬಿಸಬಹುದು.

ಇಲ್ಲಿ ನಂಬಬೇಕಾದ ಅಳತೆ ‘ಪಾರ್’. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದನ್ನು ಅದು ಮೈಕ್ರೋಮೋಲ್‌ಗಳಲ್ಲಿ ಹೇಳುತ್ತದೆ. ಅಣಬೆ ಹವಳ, ಜೊವಾಂಥಿಡ್‌ಗಳಂಥ ಮೆದು ಜಾತಿಗಳಿಗೆ ಸುಮಾರು 50ರಿಂದ 150 ಸಾಕು. ಕವಲೊಡೆದು ಕಲ್ಲಿನ ಗೂಡು ಕಟ್ಟುವ ಅಕ್ರೋಪೊರಾ 200ರಿಂದ 350ರವರೆಗೂ ಕೇಳುತ್ತದೆ. ಒಂದು ಮಿತಿ ದಾಟಿದ ಮೇಲೆ ಬೆಳಕು ಹೆಚ್ಚಿದರೂ ಆಹಾರ ಹೆಚ್ಚುವುದಿಲ್ಲ. ಹೆಚ್ಚುವರಿ ಶಕ್ತಿಯಿಂದ ಜೀವಕೋಶವನ್ನು ಸುಡುವ ಆಮ್ಲಜನಕದ ರೂಪಗಳು ಹುಟ್ಟಿ, ಹವಳ ತನ್ನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಒಂದಡಿ ನೀರಿನ ಪುಟ್ಟ ತೊಟ್ಟಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಷ್ಟು ತೆಳುವಾದ ನೀರು ಬೆಳಕನ್ನು ತಡೆಯುವುದು ಅಲ್ಪ. ಆಳದ ತೊಟ್ಟಿಗೆಂದು ಮಾಡಿದ ದೀಪ ಇಲ್ಲಿ ಹವಳವನ್ನು ಬಾಡಿಸುತ್ತದೆ. ಆದ್ದರಿಂದ ದೊಡ್ಡ ದೀಪಕ್ಕಿಂತ ನೀಲಿ, ಬಿಳಿ ಬೆಳಕನ್ನು ಬೇರೆಬೇರೆಯಾಗಿ ಏರಿಸಿ ಇಳಿಸಬಹುದಾದ ಎಲ್‌ಇಡಿಯೇ ಸರಿಯಾದ ಆಯ್ಕೆ. ಕಡಿಮೆಯಿಂದ ಶುರುಮಾಡಿ, ವಾರಗಳ ಅವಧಿಯಲ್ಲಿ ಮೆಲ್ಲಗೆ ಏರಿಸಿ, ದಿನಕ್ಕೆ ಎಂಟು-ಹತ್ತು ಗಂಟೆ ಉರಿಸಿದರೆ ಸಾಕು.

ಉಷ್ಣವಲಯದ ಕಡಲ ಮೇಲ್ಮೈಗೆ ನಡುಹಗಲಲ್ಲಿ ಸುಮಾರು 2000 ಪಾರ್ ಬೆಳಕು ಬೀಳುತ್ತದಲ್ಲ, ಅಲ್ಲಿ ಹವಳ ಬದುಕುವುದಿಲ್ಲವೇ ಎಂಬ ಆಕ್ಷೇಪವಿದೆ. ಆ ಬಿಸಿಲು ಕೆಲವೇ ಗಂಟೆಗಳದ್ದು. ಮೋಡ, ಅಲೆ, ಆಳಗಳು ಅದನ್ನು ತಗ್ಗಿಸುತ್ತವೆ. ಪ್ರತಿ ಹವಳವೂ ತಾನು ಬೆಳೆದ ಜಾಗದ ಬೆಳಕಿಗೆ ಹೊಂದಿಕೊಂಡಿರುತ್ತದೆ, ನೆರಳಿನದನ್ನು ತಂದು ಬಿಸಿಲಿಗಿಟ್ಟರೆ ತಾಳದು. ಪಾರ್ ಮೀಟರ್ ದುಬಾರಿ ಎಂಬ ಮಾತು ನಿಜ. ಆದರೆ ಅದನ್ನು ನಾಲ್ಕು ಮಂದಿ ಸೇರಿ ಕೊಳ್ಳಬಹುದು. ಕೆಲವು ತಯಾರಕರು ಆಳಕ್ಕೆ ತಕ್ಕ ಪಾರ್ ಪಟ್ಟಿಯನ್ನೂ ಕೊಡುತ್ತಾರೆ. ಅದೂ ಇಲ್ಲದಿದ್ದರೆ ಹವಳವನ್ನೇ ಗಮನಿಸಬೇಕು: ಬಿಳಿಚಿದರೆ ಬೆಳಕು ಹೆಚ್ಚಾಗಿರಬಹುದು, ಕಂದು ತಿರುಗಿ ಮೇಲಕ್ಕೆ ಚಾಚಿಕೊಂಡರೆ ಸಾಲದಿರಬಹುದು.

ಹೀಗಾಗಿ ದೀಪದ ಆಯ್ಕೆಗೆ ಮುಂಚೆ ಹವಳದ ಆಯ್ಕೆ ಆಗಬೇಕು, ಅಲ್ಲಿ ಕಾನೂನಿನ ಮಾತೂ ಬರುತ್ತದೆ. ಗೂಡು ಕಟ್ಟುವ ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟ ರಕ್ಷಿಸುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳವನ್ನು ಕಿತ್ತು ತರುವುದು ಅಪರಾಧ. ಹಾಗಿರುವಾಗ ಅಕ್ರೋಪೊರಾದ ಲೆಕ್ಕ ಹಾಕಿ ಪುಟ್ಟ ತೊಟ್ಟಿಗೆ ಭಾರಿ ದೀಪ ತರುವುದಕ್ಕೆ ಅರ್ಥವಿಲ್ಲ. ಮೂಲದ ದಾಖಲೆ ಕೇಳಿ, ಸಾಕಣೆಯಲ್ಲಿ ಬೆಳೆದ ಮೆದು ಜಾತಿಗಳನ್ನಷ್ಟೇ ಆರಿಸಿಕೊಂಡರೆ ಮಂದ ಬೆಳಕೇ ಸಾಕು. ಕರೆಂಟ್ ಬಿಲ್ಲೂ ತಗ್ಗುತ್ತದೆ, ಕಡಲ ಹವಳ ಕಡಲಲ್ಲೇ ಉಳಿಯುತ್ತದೆ.