ತಂತಿಗೂ ಭದ್ರವಾದ ನೆಲೆ ಬೇಕು

ಮಲೆ ಮಹದೇಶ್ವರ ಬೆಟ್ಟದ ಮಳೆಯನ್ನಳೆಯಲು ವಿದ್ಯಾರ್ಥಿಗಳು ತಾವೇ ಒಂದು ಎಲೆಕ್ಟ್ರಾನಿಕ್ ಉಪಕರಣವನ್ನು ಜೋಡಿಸಿದರೆಂದು ಭಾವಿಸೋಣ. ಕೊಳ್ಳೇಗಾಲದಲ್ಲಿ ಸರಿಯಾಗಿದ್ದುದು, ತಾಳುಬೆಟ್ಟದಿಂದ ಮೇಲೇರುವ ತಿರುವುಗಳಲ್ಲಿ ಬಸ್ಸು ಕುಲುಕಿದೊಡನೆ ಕೆಲಸ ನಿಲ್ಲಿಸಬಹುದು. ಸಡಿಲವಾಗಿ ಸಿಕ್ಕಿಸಿದ ಬಿಡಿ ತಂತಿಗಳು ಕಳಚುವುದು ಸಹಜ. ಫಲಕಕ್ಕೆ ನೇರವಾಗಿ ಬೆಸೆದ ತಂತಿಯೂ ಬೆಸುಗೆಯ ಅಂಚಿನಲ್ಲಿ ಬಾಗಿ ಬಾಗಿ ತುಂಡಾಗುತ್ತದೆ.

ಆದುದರಿಂದ ಹಲವು ಪಿನ್ನುಗಳ ಕನೆಕ್ಟರನ್ನು ಬಳಸುವುದೇ ಲೇಸೆಂದು ನಮ್ಮ ಮತ. ಜಪಾನಿನ ಜೆ.ಎಸ್.ಟಿ. ಸಂಸ್ಥೆಯ ಎಕ್ಸ್‌ಎಚ್ ಮಾದರಿಯಲ್ಲಿ ಪಿನ್ನುಗಳ ನಡುವಣ ಅಂತರ 2.5 ಮಿಲಿಮೀಟರು. ಪ್ಲಗ್ಗು ತಿರುಗುಮುರುಗಾಗಿ ಕೂರದಂತೆ ಅದರ ಗೂಡು ರೂಪಿತವಾಗಿದೆ. ಬ್ಯಾಟರಿಯ ಧನ-ಋಣಗಳು ಅದಲುಬದಲಾಗಿ ಉಪಕರಣ ಸುಡುವ ಭಯವಿಲ್ಲ.

ಆದರೆ ತಂತಿಯ ತುದಿಗೆ ಲೋಹದ ಕೊಂಡಿಯನ್ನು ಅದಕ್ಕೆಂದೇ ಮಾಡಿದ ಇಕ್ಕಳದಿಂದಲೇ ಅದುಮಬೇಕು. ಅದರ ಬೆಲೆ ವಿದ್ಯಾರ್ಥಿಗೆ ಹೊರೆಯಾದೀತು. ಪ್ರತಿ ಶಾಲೆಯೂ ಒಂದನ್ನು ಕೊಂಡಿಡಲಿ. ಎಲ್ಲರಿಗೂ ಅದೊಂದೇ ಸಾಕು.